ಬೆರೆತ, ಕೊಳೆಯಾದ ಪ್ಲಾಸ್ಟಿಕ್‌ನ ಮರುಬಳಕೆ ಹೇಗೆ?

ಎಣ್ಣೆಯ ಜಿಡ್ಡು ಹಿಡಿದ ಡಬ್ಬಿ, ಒಳಮೈ ಬೆಳ್ಳಗೆ ಹೊಳೆಯುವ ಪೊಟ್ಟಣ, ಶಾಂಪೂ ಬಾಟಲಿ, ನೀರಿನ ಬಾಟಲಿ ಎಲ್ಲವೂ ಒಂದೇ ಚೀಲ ಸೇರಿದರೆ ನಾವು ಅದನ್ನು ‘ಪ್ಲಾಸ್ಟಿಕ್ ಕಸ’ ಎಂದು ಒಂದೇ ಹೆಸರಿನಿಂದ ಕರೆದುಬಿಡುತ್ತೇವೆ. ಮರುಬಳಕೆ ಘಟಕದವರ ಕಣ್ಣಿಗೆ ಮಾತ್ರ ಅದು ಒಂದಕ್ಕೊಂದು ಹೊಂದದ ನಾಲ್ಕೈದು ವಸ್ತುಗಳ ರಾಶಿ. ಒಂದು ಕರಗುವಷ್ಟು ಬಿಸಿ ಮಾಡಿದರೆ ಇನ್ನೊಂದು ಕರಕಲಾಗುತ್ತದೆ. 2015ರವರೆಗೆ ಜಗತ್ತಿನಲ್ಲಿ ಉಂಟಾದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಯಾದದ್ದು ಸುಮಾರು ಶೇ 9ರಷ್ಟು ಮಾತ್ರ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. ಈ ಬೆರಕೆ ಮತ್ತು ಕೊಳೆಯನ್ನು ಎದುರಿಸಲು ಈಗ ಹೊಸ ವಿಧಾನಗಳು ಬಂದಿವೆ. ಆದರೆ ಯಾವ ವಿಧಾನವೂ ಒಂಟಿಯಾಗಿ ಎಲ್ಲವನ್ನೂ ನಿಭಾಯಿಸಲಾರದು. ಯಾವುದನ್ನು ಮೊದಲು ತೆಗೆಯಬೇಕು, ಉಳಿದದ್ದನ್ನು ಯಾವ ದಾರಿಗೆ ಕಳಿಸಬೇಕು ಎಂಬ ಅನುಕ್ರಮದಲ್ಲೇ ಇಡೀ ಕೆಲಸದ ಗುಟ್ಟಿದೆ.

ಮೊದಲು ಪಿವಿಸಿ ಹೊರಗೆ

ಪೈಪುಗಳಿಗೆ ಬಳಸುವ ಪಿವಿಸಿ ಎಂಬ ಪ್ಲಾಸ್ಟಿಕ್‌ನಲ್ಲಿ ಕ್ಲೋರಿನ್ ಇದೆ. ನೀರಿನ ಬಾಟಲಿಗೆ ಬಳಸುವ ಪೆಟ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಬಿಸಿಯಲ್ಲಿ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತದೆ, ಆ ಆಮ್ಲ ಪೆಟ್‌ನ ಅಣುಸರಪಳಿಯನ್ನು ತುಂಡರಿಸುತ್ತದೆ, ಮಾಲು ಹಳದಿಗೆ ತಿರುಗಿ ಕಪ್ಪು ಚುಕ್ಕೆಗಳಿಂದ ಕೆಡುತ್ತದೆ. ಆದ್ದರಿಂದ ಕಸವನ್ನು ಮೊದಲು ಚಲಿಸುವ ಪಟ್ಟಿಯ ಮೇಲೆ ಹರಡಿ ಅವಕೆಂಪು ಕಿರಣ ಹಾಯಿಸುತ್ತಾರೆ. ಒಂದೊಂದು ಪ್ಲಾಸ್ಟಿಕ್ ಆ ಕಿರಣವನ್ನು ಒಂದೊಂದು ಬಗೆಯಲ್ಲಿ ಹೀರಿಕೊಳ್ಳುವುದರಿಂದ ಯಂತ್ರ ಅವುಗಳನ್ನು ಗುರುತಿಸಿ, ಗಾಳಿಯ ಬಲವಾದ ಊದಿನಿಂದ ಬೇಕಾದ ತೊಟ್ಟಿಗೆ ಹಾರಿಸುತ್ತದೆ. ಕಪ್ಪು ತಟ್ಟೆಗಳು ಇಲ್ಲಿ ತೊಡಕು. ಅವುಗಳಿಗೆ ಬಣ್ಣ ಕೊಡುವ ಇಂಗಾಲದ ಮಸಿ ಕಿರಣವನ್ನೆಲ್ಲ ನುಂಗುವುದರಿಂದ ಅವು ಯಂತ್ರಕ್ಕೆ ಕಾಣುವುದೇ ಇಲ್ಲ.

ಪುಡಿ ಮಾಡಿ, ನೀರಿಗೆ ಹಾಕಿ, ತೊಳೆಯುವುದು

ಈ ಹಂತವನ್ನು ನೀವೇ ಒಂದು ಬಟ್ಟಲು ನೀರಿನಲ್ಲಿ ನೋಡಬಹುದು. ನೀರಿನ ಬಾಟಲಿಯಿಂದ ಒಂದು ಚೂರು, ಅದರ ಮುಚ್ಚಳದಿಂದ ಒಂದು ಚೂರು ಕತ್ತರಿಸಿ ಹಾಕಿ, ಅಂಟಿದ ಗಾಳಿಗುಳ್ಳೆ ಬಿಡುವಂತೆ ಬೆರಳಿನಿಂದ ಒಮ್ಮೆ ಮುಳುಗಿಸಿ. ಬಾಟಲಿಯ ಚೂರು ತಳಕ್ಕಿಳಿಯುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಪೆಟ್‌ನ ಸಾಂದ್ರತೆ ನೀರಿನ 1.38 ಪಟ್ಟಿನಷ್ಟಿದ್ದರೆ, ಮುಚ್ಚಳಕ್ಕೆ ಬಳಸುವ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಘಟಕಗಳಲ್ಲೂ ದೊಡ್ಡ ತೊಟ್ಟಿಯಲ್ಲಿ ನಡೆಯುವುದು ಇದೇ. ಆದರೆ ಪಿವಿಸಿಯ ಸಾಂದ್ರತೆ ಪೆಟ್‌ನಷ್ಟೇ ಇರುವುದರಿಂದ ಎರಡೂ ಒಟ್ಟಿಗೆ ಮುಳುಗುತ್ತವೆ. ಪಿವಿಸಿಯನ್ನು ಮೊದಲೇ ಹೊರಗೆ ಹಾಕಬೇಕೆಂದು ಒತ್ತಿ ಹೇಳಿದ್ದು ಅದಕ್ಕೇ.

ಬಳಿಕ ಪೆಟ್ ಚೂರುಗಳನ್ನು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದರೆ ಅಂಟು, ಜಿಡ್ಡು, ಲೇಬಲ್ ಬಿಡುತ್ತವೆ. ಕರಗಿಸುವ ಮುನ್ನ ಚೆನ್ನಾಗಿ ಒಣಗಿಸಲೇಬೇಕು. ಉಳಿದ ತೇವವೂ ಆ ಬಿಸಿಯಲ್ಲಿ ಅಣುಸರಪಳಿಯನ್ನು ಮುರಿಯುತ್ತದೆ. ಪ್ಲಾಸ್ಟಿಕ್‌ನೊಳಗೇ ಇಳಿದ ವಾಸನೆ, ಬಣ್ಣ ಮತ್ತು ಒಂದಕ್ಕೊಂದು ಬೆಸೆದ ಪದರಗಳು ಮಾತ್ರ ಎಷ್ಟು ತೊಳೆದರೂ ಹೋಗುವುದಿಲ್ಲ. ಹೊಸ ವಿಧಾನಗಳ ಅಗತ್ಯ ಬೀಳುವುದು ಇಲ್ಲಿಂದ ಮುಂದೆ.

ಕರಗಿಸಿ ಬಿಡಿಸುವುದು

ಆಹಾರದ ಪೊಟ್ಟಣದ ತೆಳು ಹಾಳೆಯಲ್ಲಿ ಹಲವು ಪದರಗಳಿರುತ್ತವೆ: ತೇವ ತಡೆಯಲು ಒಂದು, ಆಮ್ಲಜನಕ ತಡೆಯಲು ಇನ್ನೊಂದು, ಗಟ್ಟಿತನಕ್ಕೆ ಮತ್ತೊಂದು. ಇವನ್ನು ಕೈಯಿಂದಾಗಲಿ ಯಂತ್ರದಿಂದಾಗಲಿ ಸುಲಿಯಲಾಗದು. ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಹಾಳೆಯನ್ನು ಒಂದಾದ ಮೇಲೊಂದು ದ್ರಾವಕದಲ್ಲಿ ಅದ್ದುತ್ತಾರೆ. ಬಿಸಿ ಟಾಲುವೀನ್ ಪಾಲಿಎಥಿಲೀನ್ ಪದರವನ್ನಷ್ಟೇ ಕರಗಿಸಿಕೊಳ್ಳುತ್ತದೆ, ಮುಂದಿನ ದ್ರಾವಕ ಆಮ್ಲಜನಕ ತಡೆಯುವ ಪದರವನ್ನು ತೆಗೆಯುತ್ತದೆ, ಕೊನೆಗೆ ಪೆಟ್ ಉಳಿಯುತ್ತದೆ. ಅಣುಸರಪಳಿ ಮುರಿಯದೆ ವಸ್ತು ಹಾಗೆಯೇ ಕೈಸೇರುವುದು ಇದರ ಹಿರಿಮೆ. ದ್ರಾವಕವನ್ನು ಪೂರ್ತಿಯಾಗಿ ಹಿಂಪಡೆದು ಮತ್ತೆ ಬಳಸದಿದ್ದರೆ ಮಾತ್ರ ಒಂದು ಮಾಲಿನ್ಯ ಕಳೆದು ಇನ್ನೊಂದನ್ನು ತಂದಂತಾಗುತ್ತದೆ.

ನೀರಿನಲ್ಲಿ ಒಟ್ಟಿಗೆ ತೇಲಿದ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳನ್ನು ಕರಗಿಸಿ ಬೆರೆಸಿದರೆ ಅವು ಎಣ್ಣೆ–ನೀರಿನಂತೆ ಬೇರೆಯಾಗಿಯೇ ಉಳಿದು, ತಯಾರಾದ ವಸ್ತು ಸುಲಭವಾಗಿ ಮುರಿಯುತ್ತದೆ. ಎರಡಕ್ಕೂ ಹೊಂದುವ ತುಂಡುಗಳನ್ನು ಒಂದೇ ಸರಪಳಿಯಲ್ಲಿ ಪೋಣಿಸಿದ ಅಣುವನ್ನು ಶೇ 1ರಷ್ಟು ಸೇರಿಸಿದರೂ ಮಿಶ್ರಣ ಗಟ್ಟಿಯಾಗುತ್ತದೆ ಎಂದು ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ತೋರಿಸಿದರು.

ಮೂಲ ಘಟಕಗಳಿಗೆ ಒಡೆಯುವುದು

ಬಣ್ಣ ತುಂಬಿದ ಪೆಟ್‌ಗೆ ಕಿಣ್ವದ ದಾರಿ ಇದೆ. ತನ್ನ ಕಿಣ್ವಗಳಿಂದ ಪೆಟ್ ಅನ್ನು ಒಡೆದು ತಿಂದು ಬದುಕುವ ಬ್ಯಾಕ್ಟೀರಿಯಾವನ್ನು ಜಪಾನಿನ ವಿಜ್ಞಾನಿಗಳು 2016ರಲ್ಲಿ ವರದಿ ಮಾಡಿದರು. ಫ್ರಾನ್ಸ್‌ನ ತಂಡವೊಂದು ಬೇರೊಂದು ಕಿಣ್ವವನ್ನು ಮಾರ್ಪಡಿಸಿ, 72 ಡಿಗ್ರಿಯಲ್ಲಿ 10 ಗಂಟೆಗಳಲ್ಲಿ ಕನಿಷ್ಠ ಶೇ 90ರಷ್ಟು ಪೆಟ್ ಅನ್ನು ಮೂಲ ಘಟಕಗಳಿಗೆ ಒಡೆದದ್ದನ್ನು 2020ರಲ್ಲಿ ಪ್ರಕಟಿಸಿತು. ಆ ಘಟಕಗಳನ್ನು ಶುದ್ಧಗೊಳಿಸಿ ಹೊಸದರಂತಹ ಪೆಟ್ ತಯಾರಿಸಬಹುದು.

ಇಷ್ಟಾದ ಮೇಲೂ ಉಳಿಯುವ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಬೆರಕೆಗೆ ಪೈರಾಲಿಸಿಸ್ ಇದೆ. ಆಮ್ಲಜನಕವಿಲ್ಲದೆ 400ರಿಂದ 600 ಡಿಗ್ರಿಯಲ್ಲಿ ಕಾಯಿಸಿದರೆ ಅದು ಎಣ್ಣೆ, ಅನಿಲ ಮತ್ತು ಮಸಿಯಾಗಿ ಒಡೆಯುತ್ತದೆ. ಆ ಎಣ್ಣೆಯನ್ನು ಇಂಧನವಾಗಿ ಸುಟ್ಟರೆ ಅದನ್ನು ಮರುಬಳಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮತ್ತೆ ಪ್ಲಾಸ್ಟಿಕ್ ಆಗಿ ಬಂದರೆ ಮಾತ್ರ ಆ ಹೆಸರು ಸಲ್ಲುತ್ತದೆ.

ವಿಂಗಡಣೆಯ ಹೊರೆಯನ್ನೇ ಇಳಿಸುವ ಪ್ರಯತ್ನವೂ ನಡೆದಿದೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು 2022ರಲ್ಲಿ ಪಾಲಿಎಥಿಲೀನ್, ಪಾಲಿಸ್ಟೈರೀನ್ ಮತ್ತು ಪೆಟ್ ಮಿಶ್ರಣವನ್ನು ಕೋಬಾಲ್ಟ್, ಮ್ಯಾಂಗನೀಸ್ ವೇಗವರ್ಧಕಗಳ ನೆರವಿನಿಂದ ಆಮ್ಲಜನಕದಲ್ಲಿ ಒಡೆದು, ಅದರಿಂದ ಬಂದ ಸಣ್ಣ ಅಣುಗಳನ್ನು ಮಾರ್ಪಡಿಸಿದ ಬ್ಯಾಕ್ಟೀರಿಯಾಕ್ಕೆ ಉಣಿಸಿ ಒಂದೇ ಉಪಯುಕ್ತ ರಾಸಾಯನಿಕವಾಗಿ ಪರಿವರ್ತಿಸಿದರು. ಮೂರನ್ನೂ ಬೇರ್ಪಡಿಸುವ ಅಗತ್ಯ ಬೀಳಲಿಲ್ಲ. ಆದರೆ ಆ ಮಿಶ್ರಣದಲ್ಲಿದ್ದದ್ದು ಆ ಮೂರೇ; ಪಿವಿಸಿ ಅದರಲ್ಲಿ ಸೇರಿರಲಿಲ್ಲ.