ಬಂಡೀಪುರದ ರಸ್ತೆಯಲ್ಲಿ ಸಾಗುವವರಿಗೆ ಒಂದು ಸಲಹೆ

ಗುಂಡ್ಲುಪೇಟೆಯಿಂದ ಊಟಿ ಅಥವಾ ವಯನಾಡಿನತ್ತ ಹೋಗುವವರು, ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಜಾರಿಯಲ್ಲಿರುವ ಸಂಚಾರ ನಿಷೇಧವನ್ನು ನೆನಪಿಟ್ಟು, ಗೇಟು ಮುಚ್ಚುವ ಮುನ್ನ ಧಾವಿಸಬೇಕಾಗದಂತೆ ಒಂದು ತಾಸು ಮೊದಲೇ ಹೊರಡುವುದು ಒಳಿತು. ಕತ್ತಲಲ್ಲಿ ರಸ್ತೆ ದಾಟುವ ಪ್ರಾಣಿಗಳಿಗೆ ಕೊನೆಯ ಗಳಿಗೆಯ ಆ ಓಟವೇ ಕಂಟಕ. ಒಂದು ಜಿಂಕೆ ದಾಟಿತೆಂದರೆ ದಾರಿ ತೆರವಾಯಿತೆಂದು ಭಾವಿಸಬಾರದು. ಲಂಟಾನ ಪೊದೆಯ ಅಂಚಿನಲ್ಲಿ ಅದರ ಮರಿ ಕಿವಿ ನಿಮಿರಿಸಿ, ಮುಂಗಾಲೆತ್ತಿ ನಿಂತಿರಬಹುದು. ಹೆಡ್‌ಲೈಟಿನ ಪ್ರಖರ ಬೆಳಕು ಕಣ್ಣಿಗೆ ಬಿದ್ದರೆ ಅದು ಓಡದೆ ಅಲ್ಲೇ ಸ್ತಬ್ಧವಾಗುವುದುಂಟು. ಆದ್ದರಿಂದ ದೀಪ ಡಿಮ್ ಮಾಡಿ, ಹಾರನ್ ಒತ್ತದೆ, ಹಿಂಡು ದಾಟುವವರೆಗೆ ಕಾಯಬೇಕು. ಕೋತಿಗಳಿಗೆ ತಿಂಡಿ ಎಸೆಯುವುದನ್ನು ದಯವಿಟ್ಟು ನಿಲ್ಲಿಸಿ. ಕರುಣೆಯಿಂದ ಕೊಟ್ಟ ಆ ತುತ್ತೇ ಅವುಗಳನ್ನು ಚಕ್ರದಡಿಗೆ ಕರೆತರುತ್ತದೆ. ರಾತ್ರಿಯೇ ವಯನಾಡಿಗೆ ಹೋಗಬೇಕಾದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮಾರ್ಗವಿದೆ.