ಅಮ್ಮನ ತಡ್ಪೆಯ ಎಲೆಚೂರು

ಮಂಗಳೂರು ಹತ್ತಿರದ ಗುರುಪುರದ ನಮ್ಮ ಮನೆ ಜಗಲಿಯಲ್ಲಿ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದ್ದಾರೆ. ಕಪ್ಪು ಅಂತ ಅವರಿಗೆ ಎರಡು ಸಂಬಂಧ ತಪ್ಪಿತ್ತಂತೆ. ಬಣ್ಣ, ಬಡತನ ಎರಡನ್ನೂ ಚಿತ್ರಕ್ಕೆ ತರಬೇಕೆಂದು ನಾನು ಅವರ ಮುಖವನ್ನೇ ಮತ್ತೆ ಮತ್ತೆ ಬರೆದೆ. ನೋಡಿದವರೆಲ್ಲ ‘ಪಾಪ’ ಅಂದರು. ನನಗೆ ಆ ಪಾಪ ಬೇಡವಾಗಿತ್ತು.

ಆಗಲೇ ಅಮೆರಿಕದ ಕಪ್ಪು ಕಲಾವಿದ ಮಾರ್ಕ್ ಬ್ರಾಡ್‌ಫೋರ್ಡ್ ಬಗ್ಗೆ ಓದಿದ್ದು. ಲಾಸ್ ಏಂಜಲೀಸ್‌ನಲ್ಲಿ ಅವರ ತಾಯಿಗೆ ಸಲೂನ್ ಇತ್ತು. ಕೂದಲು ಗುಂಗುರು ಮಾಡುವಾಗ ಸುತ್ತುವ ತೆಳು ಕಾಗದವನ್ನೇ ಪದರ ಪದರವಾಗಿ ಅಂಟಿಸಿ ಬ್ರಾಡ್‌ಫೋರ್ಡ್ ಗೋಡೆಯಷ್ಟು ದೊಡ್ಡ ಕೃತಿಗಳನ್ನು ಮಾಡಿದರು. 2017ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಅಮೆರಿಕದ ಪರವಾಗಿ ಹೋದವರೂ ಅವರೇ. ನಮ್ಮ ಮನೆಯಲ್ಲಿ ಅಂಥ ಕಾಗದ ಯಾವುದು? ಅಮ್ಮ ಬೀಡಿ ಕಟ್ಟಲು ಇಟ್ಟುಕೊಳ್ಳುವ ತಡ್ಪೆ, ಅಂದರೆ ಮೊರದ ಪಕ್ಕದಲ್ಲೇ ರಾಶಿ ಬಿದ್ದಿತ್ತು. ಕತ್ತರಿಸಿ ಬಿಸಾಡಿದ ಬೀಡಿ ಎಲೆಯ ಚೂರು.

ಒಣಗಿದ ಎಲೆ ಮುಟ್ಟಿದರೆ ಪುಡಿ. ಅಮ್ಮ ಮಾಡುವ ಹಾಗೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮೇಲೆ ಮೆತ್ತಗಾಯಿತು. ಹಳೇ ಸೀರೆಯನ್ನು ಪ್ಲೈವುಡ್ಡಿಗೆ ಬಿಗಿದು, ಮೈದಾ ಅಂಟಿನಲ್ಲಿ ಚೂರು ಜೋಡಿಸಿದೆ. ಮಳೆಗಾಲದಲ್ಲಿ ಪೂರ್ತಿ ಬೂಸ್ಟು! ನಾಲ್ಕು ತಿಂಗಳ ಕೆಲಸ ಹೋಯಿತು. ಅಡಿಕೆ ತೋಟಕ್ಕೆ ತಂದಿದ್ದ ಮೈಲುತುತ್ತನ್ನು ಅಂಟಿಗೆ ಬೆರೆಸಿದೆ. ಬೂಸ್ಟು ನಿಂತಿತು, ಆದರೆ ಎಲೆಗೆ ಹಸಿರು ಛಾಯೆ ಬಂತು. ಕಂದು ಬಣ್ಣವೇ ಹೋದರೆ ಈ ಕೆಲಸಕ್ಕೆ ಅರ್ಥವಿಲ್ಲ, ಅಲ್ವಾ? ಕೊನೆಗೆ ಮರಗೆಲಸದ ಬಿಳಿ ಅಂಟಿಗೆ ಬಂದೆ. ಎಲೆಯನ್ನು ಮೊದಲು ಚೆನ್ನಾಗಿ ಬಿಸಿಲಿಗೆ ಹಾಕಿ, ಅಂಟಿಸುವ ದಿನ ಮಾತ್ರ ನೆನೆಸಿದೆ. ಒಣಗಿದ ಮೇಲೆ ಮರಳುಕಾಗದದಲ್ಲಿ ಉಜ್ಜಿದರೆ ಕೆಳಗಿನ ಪದರ ಇಣುಕುತ್ತದೆ. ಜೇನಿನಿಂದ ಕಾಫಿಯವರೆಗೆ ಎಷ್ಟೊಂದು ಕಂದು! ಅಷ್ಟೂ ನಮ್ಮೂರ ಹೆಂಗಸರ ಮೈಬಣ್ಣ.

ಒಂದು ಕಟ್ಟಿಗೆ 25 ಬೀಡಿ. ಸಾವಿರಕ್ಕೆ 40 ಕಟ್ಟು. ಕೂಲಿ ಸಾವಿರದ ಲೆಕ್ಕದಲ್ಲಿ ಸಿಗುವುದರಿಂದ ನಾನೂ 40 ಹಲಗೆ ಮಾಡಿ, ಬೀಡಿ ನೂಲಿನಲ್ಲೇ ಅಂಚು ಹೊಲಿದೆ.

ಅಮ್ಮ ಬಂದು ಮೊದಲು ಎಣಿಸಿದರು. ಆಮೇಲೆ ಒಂದು ಚೂರಿನ ಮೇಲೆ ಬೆರಳಿಟ್ಟು, “ದಪ್ಪ ನರ ತೆಗೆದೇ ಇಲ್ವಲ್ಲ ಮಾರಾಯ್ತಿ. ಬೀಡಿ ಆಗಿದ್ರೆ ವಾಪಸ್ ಬರ್ತಿತ್ತು” ಅಂದರು. ನರ ಬೇಕೆಂದೇ ಉಳಿಸಿದ್ದೆ, ಅವರ ಕೈಯ ನರದ ಹಾಗೇ ಕಾಣುತ್ತದೆ ಅಂತ. ಅದನ್ನು ಹೇಳಿದೆ. ಅವರು ತುಂಬ ಹೊತ್ತು ತಮ್ಮ ಕೈ ನೋಡಿಕೊಂಡರು.

ಮುಂದಿನ ಸಾಲಿನ ಎಲೆಗಳನ್ನು ಈಗ ಅವರೇ ಕತ್ತರಿಸುತ್ತಿದ್ದಾರೆ. ಕೂಲಿ ಕೊಡುತ್ತೇನೆ, ದಿನದ ಲೆಕ್ಕದಲ್ಲಿ.