ಜನವರಿಯ ಮಾತ್ರೆಗೆ ಅಕ್ಟೋಬರಿನ ಲೆಕ್ಕ: ಚಿಕ್ವಾವಾದಲ್ಲಿ ನಮ್ಮ ಅನುಭವ

ಆಫ್ರಿಕಾದ ಮಲಾವಿಯಲ್ಲಿ ಆಸ್ಪತ್ರೆಯಿಂದ ದೂರದ ಹಳ್ಳಿಗಳ ಮಕ್ಕಳಿಗೆ ಜ್ವರ, ಕೆಮ್ಮು, ಭೇದಿಗೆ ಔಷಧಿ ಕೊಡುವವರು ಹೆಲ್ತ್ ಸರ್ವೇಲೆನ್ಸ್ ಅಸಿಸ್ಟೆಂಟ್ ಎಂಬ ಆರೋಗ್ಯ ಕಾರ್ಯಕರ್ತರು, ಅಂದರೆ ಎಚ್‌ಎಸ್‌ಎಗಳು. ನಮ್ಮ ಆಶಾ ಕಾರ್ಯಕರ್ತೆಯರಂಥವರೇ, ಆದರೆ ಸರ್ಕಾರಿ ಸಂಬಳದವರು. 2008ರಿಂದ ನಡೆದಿರುವ ಈ ಏರ್ಪಾಟಿನಲ್ಲಿ ತರಬೇತಿಗೆ ಕೊರತೆಯಿರಲಿಲ್ಲ. ಔಷಧಿ ಪೆಟ್ಟಿಗೆ ಬರಿದಾಗುವುದೇ ನಮ್ಮನ್ನು ಸೋಲಿಸುತ್ತಿತ್ತು.

2011ರಲ್ಲಿ ಬಂದ, ಮೊಬೈಲಿನಿಂದ ಔಷಧಿ ದಾಸ್ತಾನು ತಿಳಿಸುವ ವ್ಯವಸ್ಥೆಯಾದ ಸಿಸ್ಟಾಕ್‌ಗೆ ತಿಂಗಳ ದಾಸ್ತಾನು ಎಸ್ಎಂಎಸ್‌ನಲ್ಲಿ ಹೋಗುತ್ತಿತ್ತು. ವರದಿ ಸರಿಯಾಗಿ ಹೋಗುತ್ತಿದ್ದರೂ ಎರಡು ಮಳೆಗಾಲ (ಅಲ್ಲಿ ನವೆಂಬರಿನಿಂದ ಏಪ್ರಿಲ್) ಮಲೇರಿಯಾಕ್ಕೆ ಕೊಡುವ ಎಲ್‌ಎ ಮಾತ್ರೆ ಮುಗಿಯಿತು. ತಪ್ಪಿದ್ದದ್ದು ಬೇಡಿಕೆಯ ಲೆಕ್ಕದಲ್ಲಿ. ಹಿಂದಿನ ಮೂರು ತಿಂಗಳ ಸರಾಸರಿ ಹಿಡಿದು ನವೆಂಬರಿನಲ್ಲಿ ಬೇಡಿಕೆ ಬರೆದರೆ ಬರುವುದು ಒಣಗಾಲದ ಸರಾಸರಿ. ನೆನಪಿನಿಂದ ಹೇಳುವುದಾದರೆ, ತಿಂಗಳಿಗೆ 20 ಮಕ್ಕಳಿಗೆ ಸಾಲುವ ಪೆಟ್ಟಿಗೆಗೆ ಜನವರಿಯಲ್ಲಿ 60, 70 ಮಕ್ಕಳು ಬರುತ್ತಿದ್ದರು. ಅಷ್ಟರಲ್ಲಿ ದಾರಿಯೂ ಕೆಸರಾಗಿ ಸೈಕಲ್ ಹೋಗದು.

ಮೂರನೇ ವರ್ಷ ಹಿಂದಿನ ಮಳೆಗಾಲದ ರಿಜಿಸ್ಟರ್ ತೆಗೆದು, ಅದೇ ತಿಂಗಳುಗಳ ಮಕ್ಕಳನ್ನು ಎಣಿಸಿ, ಮಾತ್ರೆ ಮುಗಿದಿದ್ದ ದಿನಗಳನ್ನು ಬಿಟ್ಟು ಸರಾಸರಿ ಹಾಕಿದೆವು. ಆ ದಿನಗಳನ್ನು ಸೇರಿಸಿದರೆ ಬೇಡಿಕೆ ಮತ್ತೆ ಕಡಿಮೆಯೇ ಬರುತ್ತದೆ. ಅಕ್ಟೋಬರಿನಲ್ಲೇ ಎರಡೂವರೆ ತಿಂಗಳ ಸರಕು ಹಳ್ಳಿ ಸೇರಿತು. ಹಾಳಾಗುತ್ತದೆ, ಸಂತೆಯಲ್ಲಿ ಮಾರಾಟವಾಗುತ್ತದೆ ಎಂದವರಿದ್ದರು. ಏಪ್ರಿಲಿನಲ್ಲಿ ಎಣಿಸಿದಾಗ ಅವಧಿ ಮೀರಿದ್ದು ಒಂದು ಹಿಡಿ ಮಾತ್ರೆ ಪಟ್ಟಿಗಳಷ್ಟೇ.

ಎಲ್‌ಎಯಲ್ಲಿ ಆರು ಮಾತ್ರೆಯ ಪಟ್ಟಿ, ಹನ್ನೆರಡು ಮಾತ್ರೆಯ ಪಟ್ಟಿ ಎರಡನ್ನೂ ಬೇರೆಬೇರೆ ಎಣಿಸಿ. 15 ಕೆಜಿ ದಾಟಿದ ಮಗುವಿಗೆ ಹನ್ನೆರಡರದು ಇಲ್ಲವೆಂದು ಆರರದನ್ನು ಎರಡು ಕೊಡುತ್ತಾರೆ, ಆಗ ಸಣ್ಣ ಮಕ್ಕಳ ಪಾಲು ಮೊದಲು ಮುಗಿಯುತ್ತದೆ. ಮೊದಲ ಡೋಸ್ ಎದುರಿಗೇ ಕೊಡಿಸಿ ಅರ್ಧ ಗಂಟೆ ಕೂರಿಸಿಕೊಳ್ಳುತ್ತೇವೆ, ವಾಂತಿಯಾದರೆ ಮತ್ತೆ ಕೊಡಬೇಕು. ಎಂಟು ಗಂಟೆಯ ನಂತರದ ಎರಡನೇ ಡೋಸೇ ಹೆಚ್ಚು ತಪ್ಪುವುದು. ಗಡಿಯಾರವಿಲ್ಲದ ಮನೆಗೆ 'ಬೆಳಿಗ್ಗೆ ಕೊಟ್ಟದ್ದಕ್ಕೆ ಹೊತ್ತು ಮುಳುಗುವ ಮುಂಚೆ' ಎಂದರೆ ಸಾಕು.

ಹಳ್ಳಿಯಲ್ಲಿ ಕೈತಪ್ಪಿನಿಂದ ಕೆಡುವ ಇನ್ನೆರಡು ಕೆಲಸಗಳಿವೆ. ಉಸಿರು ಎಣಿಸುವ ಟೈಮರ್ 30ನೇ ಸೆಕೆಂಡಿಗೆ ಒಂದು ಸಲ, 60ನೇ ಸೆಕೆಂಡಿಗೆ ಇನ್ನೊಂದು ಸಲ ಕೂಗುತ್ತದೆ. ಮೊದಲ ಕೂಗಿಗೇ ನಿಲ್ಲಿಸಿದರೆ 56 ಇದ್ದದ್ದು 28 ಆಗಿ, ನ್ಯುಮೋನಿಯಾ ಇರುವ ಮಗು ಔಷಧಿಯಿಲ್ಲದೆ ಮನೆಗೆ ಹೋಗುತ್ತದೆ. ಎರಡು ತಿಂಗಳು ತುಂಬಿದ, ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಉಸಿರು, ಆಮೇಲೆ 40 ಗಡಿ. ಅಳುವ ಮಗುವಿನ ಎಣಿಕೆ ಲೆಕ್ಕಕ್ಕಿಲ್ಲ; ಹಾಲು ಕುಡಿಸಿ, ಸುಮ್ಮನಾದ ಮೇಲೆ ಎಣಿಸಬೇಕು.

ಇನ್ನೊಂದು ಮಲೇರಿಯಾ ಪರೀಕ್ಷೆಯ ಕಿಟ್ಟಿನಲ್ಲಿ ರಕ್ತದ ಜೊತೆ ಹನಿ ಹಾಕುವ ಬಫರ್ ದ್ರಾವಣ. ಕೈ ಜಾರಿ ಹನಿ ಹೆಚ್ಚಾಗಿ ಬಿದ್ದು ಬಾಟಲಿ ಮೊದಲೇ ಖಾಲಿಯಾದರೆ ಕೆಲವರು ನೀರು ಹಾಕುತ್ತಾರೆ, ಆಗ ಮಲೇರಿಯಾ ಇಲ್ಲದಿದ್ದರೂ ಇದೆಯೆನ್ನುವ ಗೆರೆ ಮೂಡಬಹುದು. ಕಿಟ್ಟು ಸರಿಯಿದ್ದರೂ, ಚಿಕಿತ್ಸೆ ಮುಗಿದ ಮೇಲೆ ಕೆಲವು ವಾರ ಗೆರೆ ಉಳಿಯುತ್ತದೆ. ಆದ್ದರಿಂದ ಮಗುವಿನ ಆರೋಗ್ಯ ಪುಸ್ತಕದಲ್ಲಿ ಹಿಂದಿನ ಎಲ್‌ಎಯ ತಾರೀಕು ನೋಡದೆ ಎರಡನೇ ಸಲ ಪರೀಕ್ಷೆ ಮಾಡುವುದಿಲ್ಲ.

ದುಡ್ಡು ಹೋದದ್ದು ಮಾತ್ರೆ ತರುವ ಸೈಕಲ್ಲಿಗೆ. ಒಂದಕ್ಕೆ ವರ್ಷಕ್ಕೆ ಎರಡು ಟಯರು, ನಾಲ್ಕೈದು ಟ್ಯೂಬು. ಅದಕ್ಕೆ ಬೇರೆ ಹಣ ಇಡದ ವರ್ಷ ಮಾತ್ರೆ ಆಸ್ಪತ್ರೆಯಲ್ಲೇ ಉಳಿಯಿತು.

ಕಿಟ್ಟು ಸೆಕೆಗೆ ಕೆಡದಂತೆ ಒಂದು ಪ್ರಯೋಗವನ್ನೂ ಮಾಡಿ ನೋಡಿದೆವು. ಗಡಿಗೆಯೊಳಗೆ ಗಡಿಗೆ, ನಡುವೆ ಒದ್ದೆ ಮರಳು, ಒಳಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಿಟ್ಟು. ಅಕ್ಟೋಬರಿನ ಒಣ ಸೆಕೆಯಲ್ಲಿ ಚೆನ್ನಾಗಿ ತಂಪಾಯಿತು. ಮಳೆ ಶುರುವಾದ ಮೇಲೆ ಗಾಳಿಯಲ್ಲೇ ತೇವ ತುಂಬಿರುವುದರಿಂದ ಮರಳಿನ ನೀರು ಆರದು, ತಂಪೂ ಇಲ್ಲ. ಈಗ ಡಿಸೆಂಬರಿಗೆ ಮುಂಚೆ ಕಿಟ್ಟನ್ನು ಹೊರತೆಗೆದು, ತಗಡಿನ ಮಾಡಿನಿಂದ ದೂರ, ಹುಲ್ಲು ಹೊದಿಸಿದ ಕೋಣೆಯಲ್ಲಿಡುತ್ತೇವೆ.